ಶಿಲಾತಪಸ್ವಿ ರಾಬರ್ಟ್ ಬ್ರೂಸ್ ಫೂಟ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯು ಕಲ್ಪವೃಕ್ಷದ ನಾಡೆಂದು ವಿಖ್ಯಾತವಾದುದು. ಇಲ್ಲಿನ ಕೊಬ್ಬರಿಯ ಸವಿಯನ್ನು ದೇಶವೆಲ್ಲ ಬಲ್ಲದು. ಆದರೆ ಆ ತೆಂಗಿನ ಬೇರಿಗೆ ಆಸರೆಯಾದ ನೆಲದ ವಿಚಾರವನ್ನು, ಆ ನೆಲಕ್ಕೆ ತಾಯಿಯಾದ ಶಿಲೆಯ ವಿಚಾರವನ್ನು ಬಲ್ಲವರು ವಿರಳ. ಕಂದಿಕೆರೆಯ ಸುತ್ತಣ ಗುಡ್ಡಗಳಲ್ಲಿ ಕೆಮ್ಮಣ್ಣು, ಕಬ್ಬಿಣದ ಕಲ್ಲು, ಮಸಿಯಂತೆ ಕೈಗೆ ಹತ್ತುವ ಮ್ಯಾಂಗನೀಸಿನ ಅದಿರು ಇವನ್ನು ದನಗಾಹಿ ಬಾಲಕರೂ ಕಂಡಿದ್ದಾರೆ. ಇವು ಎಂದಿನವು, ಹೇಗೆ ಹುಟ್ಟಿದವು, ಇವುಗಳ ಸಂಬಂಧಿಗಳು ನಾಡಿನಲ್ಲಿ ಮತ್ತೆಲ್ಲಿವೆ ಎಂಬ ಪ್ರಶ್ನೆಗಳನ್ನು ಮೊದಲಿಗೆ ಶಾಸ್ತ್ರೀಯವಾಗಿ ಎತ್ತಿಕೊಂಡು, ಕನ್ನಡ ನಾಡಿನ ಒಂದು ಊರಿನ ಹೆಸರನ್ನು ಜಗತ್ತಿನ ಭೂವಿಜ್ಞಾನದಲ್ಲಿ ಶಾಶ್ವತಗೊಳಿಸಿದ ಮಹನೀಯರು ರಾಬರ್ಟ್ ಬ್ರೂಸ್ ಫೂಟ್ ಅವರು. ಹುಟ್ಟಿನಿಂದ ಪರದೇಶೀಯರಾದರೂ ಐವತ್ತು ವರ್ಷಗಳಿಗೂ ಮಿಕ್ಕ ಕಾಲ ದಕ್ಷಿಣ ಭಾರತದ ಬೆಟ್ಟಗುಡ್ಡಗಳೊಡನೆ ಬಾಳಿದ ಈ ವಿದ್ವಾಂಸರ ಚರಿತ್ರೆ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮನನೀಯವಾದುದು.

ಫೂಟ್ ಅವರು 1834ನೆಯ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನಮ್ ಎಂಬ ಊರಿನಲ್ಲಿ ಜನಿಸಿದರು. ಅವರ ತಾರುಣ್ಯದ ಕಾಲ ಭೂವಿಜ್ಞಾನವು ಪ್ರಬಲವಾಗಿ ಬೆಳೆಯುತ್ತಿದ್ದ ಕಾಲ. ಭೂಮಿಯ ವಯಸ್ಸು ಕೆಲವು ಸಾವಿರ ವರ್ಷಗಳದಷ್ಟೇ ಎಂಬ ಪಾಶ್ಚಾತ್ಯರ ಹಳೆಯ ನಂಬಿಕೆ ಸಡಿಲವಾಗುತ್ತಿತ್ತು. ಭಾರತದಲ್ಲಿ 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಭೂವಿಜ್ಞಾನ ಸಮೀಕ್ಷಾ ಇಲಾಖೆ ಸ್ಥಾಪಿತವಾಗಿತ್ತು. ಕಲ್ಲಿದ್ದಲನ್ನೂ ಲೋಹಗಳನ್ನೂ ಹುಡುಕುವುದು ಸರ್ಕಾರದ ಮುಖ್ಯ ಅಪೇಕ್ಷೆಯಾಗಿದ್ದರೂ, ನಾಡಿನ ಶಿಲೆಗಳನ್ನು ಕ್ರಮಬದ್ಧವಾಗಿ ಅರಿತು ನಕ್ಷೆ ಬರೆಯುವುದು ಆ ಇಲಾಖೆಯ ವ್ರತವಾಗಿತ್ತು. ಫೂಟ್ ಅವರು 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಈ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ಅಂದಿನ ಸಮೀಕ್ಷಕನ ಬಾಳು ಸುಖದ ಬಾಳಲ್ಲ. ಮಳೆಗಾಲ ಕಳೆದೊಡನೆ ಡೇರೆಯೊಡನೆ ಹೊರಟು, ಕುದುರೆಯ ಮೇಲೂ ಕಾಲ್ನಡೆಯಲ್ಲೂ ಹಳ್ಳಿಯಿಂದ ಹಳ್ಳಿಗೆ ಸಾಗಿ, ಹಳ್ಳದ ದಡ, ಬಾವಿಯ ಗೋಡೆ, ಬೆಟ್ಟದ ನೆತ್ತಿ ಎಲ್ಲವನ್ನೂ ಕಣ್ಣಾರೆ ಕಂಡು ಬರೆಯಬೇಕಾಗಿತ್ತು. ದೂರದ ಬೆಟ್ಟ ನುಣ್ಣಗೆ ಎಂಬುದು ನಾಡಿನ ಗಾದೆ; ಬೆಟ್ಟದ ಬಳಿಗೆ ಹೋಗಿ ಅದರ ನುಣುಪಿಲ್ಲದ ಮೈಯನ್ನು ಸುತ್ತಿಗೆಯಿಂದ ತಟ್ಟಿ ನೋಡುವುದೇ ಅವರ ನಿತ್ಯಕರ್ಮವಾಯಿತು.

ಅವರ ಕೀರ್ತಿಗೆ ಮೊದಲ ಕಾರಣವಾದ ಘಟನೆ ನಡೆದುದು 1863ನೆಯ ಮೇ ತಿಂಗಳ 30ರಂದು. ಮದರಾಸಿನ ಸಮೀಪದ ಪಲ್ಲಾವರದ ದಂಡಿನ ಮೈದಾನದಲ್ಲಿ ಜಲ್ಲಿಗಾಗಿ ತೋಡಿದ್ದ ಒಂದು ಸಣ್ಣ ಗುಂಡಿಯಿತ್ತು. ಆ ಗುಂಡಿಯ ಜಂಬಿಟ್ಟಿಗೆ ಗರಸಿನಲ್ಲಿ ಅವರಿಗೆ ಒಂದು ಕಲ್ಲು ದೊರೆಯಿತು. ನೀರಿನ ಹರಿವಿನಿಂದಾಗಲಿ ಬಿಸಿಲಿನ ಬೇಗೆಯಿಂದಾಗಲಿ ಒಡೆದ ಕಲ್ಲು ಅದಲ್ಲ. ಮಾನವನ ಕೈ ಉದ್ದೇಶಪೂರ್ವಕವಾಗಿ ಎರಡೂ ಕಡೆ ಚಕ್ಕೆ ಎಬ್ಬಿಸಿ ರೂಪಿಸಿದ ಕೈಗೊಡಲಿ ಅದು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತ ಇಂತಹ ಆಯುಧಗಳು ಅತಿ ಪ್ರಾಚೀನ ಮಾನವನವೆಂದು ಯೂರೋಪಿನ ವಿದ್ವಾಂಸರು ಒಪ್ಪಿದ್ದರು. ಆ ವಾರ್ತೆಯನ್ನು ತಿಳಿದಿದ್ದ ಫೂಟ್ ಅವರ ಕಣ್ಣು ಭಾರತದ ನೆಲದಲ್ಲಿಯೂ ಅಂತಹುದನ್ನೇ ಅರಸುತ್ತಿತ್ತು. ಲಕ್ಷಾಂತರ ಜನ ತುಳಿದುಹೋದ ಕಲ್ಲನ್ನು ಗುರುತಿಸಲು ಸಿದ್ಧವಾದ ಕಣ್ಣು ಬೇಕಾಗಿತ್ತು. ಆ ಕಣ್ಣು ಅವರಿಗಿತ್ತು.

ಒಂದೇ ಕಲ್ಲನ್ನು ನೆಚ್ಚಿ ಸಿದ್ಧಾಂತ ಕಟ್ಟುವ ಆತುರ ಅವರಲ್ಲಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿಗೆ ಹೋದಾಗ ಅಲ್ಲಿ ಆಯುಧಗಳು ಹೇರಳವಾಗಿ ದೊರೆತು ಸಂದೇಹ ಪರಿಹಾರವಾಯಿತು. ಮುಂದೆ 1866ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿಯೂ 1868ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿಯೂ ಅವರು ಬರೆದ ಲೇಖನಗಳಿಂದ ಭಾರತದ ಪ್ರಾಗಿತಿಹಾಸವೆಂಬ ಹೊಸ ಶಾಸ್ತ್ರವೊಂದು ಜನ್ಮ ತಾಳಿತು. ಅತ್ತಿರಂಪಾಕ್ಕಮಿನಲ್ಲಿ ಒಂದೂವರೆ ಶತಮಾನದ ತರುವಾಯ ಮತ್ತೆ ಉತ್ಖನನ ನಡೆಸಿದ ವಿದ್ವಾಂಸರು ಅಲ್ಲಿನ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳೆಂದು 2011ರಲ್ಲಿ ಪ್ರಕಟಿಸಿದರು. ಅವರು ಅದೇ ಸ್ಥಳಕ್ಕೆ ಮರಳಿ ಹೋಗಲು ಸಾಧ್ಯವಾದುದು ಫೂಟ್ ಅವರು ಸ್ಥಳವನ್ನೂ ಸ್ತರವನ್ನೂ ನಿಖರವಾಗಿ ಬರೆದಿಟ್ಟಿದ್ದರಿಂದ ಎಂಬುದನ್ನು ಮರೆಯಲಾಗದು.

ಮದರಾಸು ಸೀಮೆಯಿಂದ ಫೂಟ್ ಅವರ ಕಾರ್ಯಕ್ಷೇತ್ರ ಕನ್ನಡ ನಾಡಿಗೆ ವಿಸ್ತರಿಸಿತು. ಬೆಳಗಾವಿ, ಧಾರವಾಡ, ವಿಜಾಪುರಗಳ ಸೀಮೆಯನ್ನು ವರ್ಷಗಳ ಕಾಲ ಸುತ್ತಿ ಅವರು ರಚಿಸಿದ ಬೃಹದ್ವರದಿ 1876ರಲ್ಲಿ ಪ್ರಕಟವಾಯಿತು. ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ ಹಳ್ಳದ ದಡದ ಮಣ್ಣಿನಿಂದ ಖಡ್ಗಮೃಗದ ಎಲುಬುಗಳನ್ನು ಅವರು ಹೊರತೆಗೆದರು. 1874ರಲ್ಲಿ ಆ ಪ್ರಾಣಿಗೆ ದಖ್ಖನ್ನಿನ ಹೆಸರನ್ನೇ ಇಟ್ಟು ವರ್ಣಿಸಿದರು. ಇಂದು ಜೋಳದ ಹೊಲಗಳಿರುವ ಬಯಲಿನಲ್ಲಿ ಒಂದಾನೊಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತೆಂದರೆ, ಅಂದಿನ ಹವೆ, ಹುಲ್ಲು, ನೀರು ಎಲ್ಲವೂ ಬೇರೆಯಾಗಿದ್ದವೆಂದು ಸಿದ್ಧವಾಗುತ್ತದೆ. ಗ್ರಂಥಗಳಿಲ್ಲದ ಕಾಲದ ಚರಿತ್ರೆಗೆ ಹಳ್ಳದ ದಡವೇ ಗ್ರಂಥವಾಯಿತು.

ಬಳ್ಳಾರಿ ಸೀಮೆಯಲ್ಲಿ ಅವರ ಗಮನ ಸೆಳೆದವು ಬೂದಿದಿಬ್ಬಗಳು. ಕುಡತಿನಿ, ಕುಪ್ಪಗಲ್ಲು ಮೊದಲಾದೆಡೆ ಬೂದಿಯ ದೊಡ್ಡ ದೊಡ್ಡ ಗುಡ್ಡೆಗಳಿವೆ. ಇವು ರಾಕ್ಷಸರ ದೇಹ ಸುಟ್ಟ ಬೂದಿಯೆಂದು ಜನರ ನಂಬಿಕೆ. ಜ್ವಾಲಾಮುಖಿಯ ಬೂದಿ, ಕುಲುಮೆಯ ಕಿಟ್ಟ ಎಂದು ಕೆಲವು ವಿದ್ವಾಂಸರ ಊಹೆ. ಫೂಟ್ ಅವರು ಇವುಗಳನ್ನು ಪರೀಕ್ಷಿಸಿ, ನವಶಿಲಾಯುಗದ ಜನರ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದ ಬೂದಿ ಇದೆಂಬ ಅಭಿಪ್ರಾಯ ತಾಳಿದರು. ಅನೇಕರಿಗೆ ಇದು ಸಾಮಾನ್ಯವಾದ ವಿವರಣೆಯೆನಿಸಿ ರುಚಿಸಲಿಲ್ಲ. ಆದರೆ 1957ರಲ್ಲಿ ಉತ್ನೂರಿನ ಬೂದಿದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ದೊಡ್ಡಿಯ ಕಂಬಗಳ ಗುರುತು, ದನಗಳ ಗೊರಸಿನ ಗುರುತು ಪ್ರತ್ಯಕ್ಷವಾಗಿ ಕಂಡು ಫೂಟ್ ಅವರ ಮಾತು ಸತ್ಯವಾಯಿತು. ಕನ್ನಡ ನಾಡಿನ ಗೋಪಾಲಕರ ಚರಿತ್ರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸರಿಯಿತು.

ಈ ಶೋಧಗಳಲ್ಲಿ ಗ್ರಾಮಸ್ಥರ ಪಾಲೂ ಇತ್ತೆಂಬುದು ಗಮನಾರ್ಹ. ನುಣುಪಾಗಿ ಉಜ್ಜಿದ ನವಶಿಲಾಯುಗದ ಕೊಡಲಿಗಳು ಉಳುವಾಗ ಹೊಲದಲ್ಲಿ ದೊರೆತರೆ ಜನರು ಅವನ್ನು ಸಿಡಿಲಿನೊಡನೆ ಆಗಸದಿಂದ ಬಿದ್ದ ಕಲ್ಲೆಂದು ಭಾವಿಸಿ, ಅರಳಿಯ ಮರದ ಬುಡದಲ್ಲೋ ಗುಡಿಯ ಮೂಲೆಯಲ್ಲೋ ಇಟ್ಟು ಪೂಜಿಸುತ್ತಿದ್ದರು. ಶಾಸ್ತ್ರಜ್ಞಾನವಿಲ್ಲದಿದ್ದರೂ ಶ್ರದ್ಧೆಯಿಂದ ಅವರು ಕಾಪಾಡಿದ ವಸ್ತುಗಳು ಶಾಸ್ತ್ರಕ್ಕೆ ಸಾಕ್ಷಿಯಾದವು.

ಭೂವಿಜ್ಞಾನದಲ್ಲಿ ಫೂಟ್ ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದುದು ಧಾರವಾಡ ಶಿಲಾವ್ಯವಸ್ಥೆಯ ನಿರೂಪಣೆ. ದಕ್ಷಿಣ ಪ್ರಸ್ಥಭೂಮಿಯ ನೆಲವೆಲ್ಲ ಪಟ್ಟೆಪಟ್ಟೆಯಾದ ನೈಸ್ ಶಿಲೆಯದೆಂದು ಅಲ್ಲಿಯವರೆಗಿನ ತಿಳಿವಳಿಕೆ. ಆದರೆ ಆ ನೈಸ್ ಶಿಲೆಯ ನಡುನಡುವೆ ಉತ್ತರ ದಕ್ಷಿಣವಾಗಿ ನೀಳವಾದ ಪಟ್ಟಿಗಳಂತೆ ಬೇರೊಂದು ಜಾತಿಯ ಶಿಲೆಗಳು ಹಾಯ್ದಿರುವುದನ್ನು ಫೂಟ್ ಅವರು ಕಂಡರು. ಹಸುರು ಛಾಯೆಯ ಪದರುಶಿಲೆ, ಬೆಣಚುಶಿಲೆ, ಉಂಡೆಗಲ್ಲುಗಳು ಬೆಸೆದ ಶಿಲೆ, ಸುಣ್ಣಕಲ್ಲು, ಕಬ್ಬಿಣದ ಅದಿರಿನ ಪದರ ಇವು ಒಂದು ಕುಟುಂಬಕ್ಕೆ ಸೇರಿದವು; ಇವು ನೈಸ್ ಶಿಲೆಯ ಮೇಲೆ ಕುಳಿತು, ಭೂಮಿಯ ಒತ್ತಡದಿಂದ ಮಡಿಚಿಕೊಂಡು, ಸವೆದು ಉಳಿದ ಪಟ್ಟಿಗಳು; ದಕ್ಷಿಣದ ಬಂಗಾರವು ಮುಖ್ಯವಾಗಿ ದೊರೆಯುವುದು ಇವುಗಳಲ್ಲಿಯೇ ಎಂದು ಅವರು ನಿರ್ಣಯಿಸಿದರು. 1886ರಿಂದ 1889ರವರೆಗಿನ ಲೇಖನಗಳಲ್ಲಿ ಈ ಕುಟುಂಬಕ್ಕೆ ಧಾರವಾಡದ ಹೆಸರನ್ನು ಇತ್ತರು. ಅಂದಿನಿಂದ ಧಾರವಾಡವೆಂಬ ಶಬ್ದವು ಪ್ರಪಂಚದ ಭೂವಿಜ್ಞಾನದ ಗ್ರಂಥಗಳಲ್ಲೆಲ್ಲ ನೆಲೆಸಿತು.

ಈ ಪಟ್ಟಿಗಳಿಗೂ ಅವರು ಊರುಗಳ ಹೆಸರನ್ನೇ ಇಟ್ಟರು. ಅವುಗಳಲ್ಲೊಂದು ಡಂಬಳ-ಚಿಕ್ಕನಾಯಕನಹಳ್ಳಿ ಪಟ್ಟಿ. ಗದಗಿನ ಬಳಿಯ ಡಂಬಳದ ಗುಡ್ಡಗಳಿಂದ ಹೊರಟು, ತುಂಗಭದ್ರೆಯನ್ನು ದಾಟಿ, ಚಿತ್ರದುರ್ಗದ ಸೀಮೆಯನ್ನು ಹಾಯ್ದು ಚಿಕ್ಕನಾಯಕನಹಳ್ಳಿಯತ್ತ ಬರುವ ಶಿಲಾಪಂಕ್ತಿಯಿದು. ಚಿನ್ನ ದೊರೆಯಬಹುದಾದ ಪ್ರದೇಶಗಳನ್ನು ಪರೀಕ್ಷಿಸಲು 1887ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅವರು ಸಂಚಾರ ಕೈಗೊಂಡರು. ಕಂದಿಕೆರೆಯ ಸುತ್ತಣ ಸೀಮೆಯೂ, ಚಿನ್ನದ ಗಣಿಯಿಂದ ಹೆಸರಾದ ಬೆಳ್ಳಾರವೂ ಸೇರಿರುವುದು ಇದೇ ಪಂಕ್ತಿಗೆ. ಹೀಗೆ ತೆಂಗಿನ ಸೀಮೆಯ ಒಂದು ತಾಲ್ಲೂಕಿನ ಹೆಸರು ಡಂಬಳದ ಹೆಸರಿನೊಡನೆ ಜೋಡಿಯಾಗಿ ಶಾಸ್ತ್ರಗ್ರಂಥವನ್ನು ಸೇರಿತು. ನೂರಕ್ಕೂ ಮಿಕ್ಕ ಮೈಲಿಗಳ ಅಂತರದ ಎರಡು ಊರುಗಳು ಒಂದೇ ವಂಶದವೆಂದು ಶಿಲೆಯ ಸಾಕ್ಷ್ಯದಿಂದ ಸಾರಿದುದು ಸಾಮಾನ್ಯ ಕಾರ್ಯವಲ್ಲ.

ಫೂಟ್ ಅವರ ಸಿದ್ಧಾಂತಗಳೆಲ್ಲ ನಿರ್ವಿವಾದವಾಗಿ ನಿಂತವೆಂದು ಹೇಳುವಂತಿಲ್ಲ. ಅವರ ತರುವಾಯ ಮೈಸೂರಿನಲ್ಲಿ ಅಧಿಕಾರ ವಹಿಸಿದ ಸ್ಮೀತ್ ಅವರು ಧಾರವಾಡ ಶಿಲೆಗಳೇ ಹಳೆಯವು, ನೈಸ್ ಶಿಲೆ ಅನಂತರದ್ದು ಎಂದು ವಾದಿಸಿದರು. ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದ ಸ್ವದೇಶೀಯ ವಿದ್ವಾಂಸರು ಈ ಚರ್ಚೆಯನ್ನು ಮುಂದುವರಿಸಿ ಬೆಳಗಿದರು. ಧಾರವಾಡ ಶಿಲೆಗಳು ಸುಮಾರು 290 ಕೋಟಿಯಿಂದ 260 ಕೋಟಿ ವರ್ಷಗಳ ಹಿಂದಿನವು, ಅವುಗಳ ತಳದಲ್ಲಿ ಅವುಗಳಿಗಿಂತ ಹಳೆಯ ನೈಸ್ ಶಿಲೆಯಿದೆ ಎಂದು ಬಹುಕಾಲದ ಸಂಶೋಧನೆಯಿಂದ ಸ್ಥಿರಪಟ್ಟು, ಫೂಟ್ ಅವರ ಮೂಲಾಭಿಪ್ರಾಯಕ್ಕೆ ಬಲ ಬಂದಿತು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮಾನವರಿಲ್ಲದ ದೀರ್ಘವಾದ ಶೂನ್ಯಕಾಲವಿತ್ತೆಂಬ ಅವರ ಇನ್ನೊಂದು ಮತವು ಮಾತ್ರ ನಿಲ್ಲಲಿಲ್ಲ; ಆ ನಡುವಿನ ಕಾಲದ ನೆಲೆಗಳು ಅನಂತರ ಹೇರಳವಾಗಿ ದೊರೆತವು. ತಪ್ಪನ್ನು ತಿದ್ದುವ ಸಾಧನಗಳನ್ನೂ ಅವರೇ ಒದಗಿಸಿದ್ದರೆಂಬುದು ಇಲ್ಲಿನ ವಿಶೇಷ. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸದೆ ಬರೆದವನ ಗ್ರಂಥದಿಂದ ಮುಂದಿನವರು ಅವನ ದೋಷವನ್ನೇ ತಿದ್ದಬಹುದು.

1891ರಲ್ಲಿ ಸಮೀಕ್ಷಾ ಇಲಾಖೆಯಿಂದ ನಿವೃತ್ತರಾದ ಮೇಲೂ ಅವರು ವಿಶ್ರಮಿಸಲಿಲ್ಲ. ಬರೋಡ ಸಂಸ್ಥಾನದ ಭೂವಿಜ್ಞಾನಿಗಳಾಗಿ ಸೇವೆ ಸಲ್ಲಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದವರು ಅರುವತ್ತು ವರ್ಷದ ಫೂಟ್ ಅವರೇ. ಸಂಸ್ಥಾನದಲ್ಲಿ ಸಂಚರಿಸಿ ಬರೆದ ಅವರ ಟಿಪ್ಪಣಿಗಳು 1900ರಲ್ಲಿ ಆ ಇಲಾಖೆಯ ಪ್ರಥಮ ಸಂಪುಟವಾಗಿ ಹೊರಬಂದವು. ಅದೇ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಮುಂದೆ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ಹಳೆಯ ಶಿಲಾಯುಗದ ಆಯುಧಗಳ ನೆಲೆಯನ್ನು ಬೆಳಕಿಗೆ ತಂದರು. ಪಲ್ಲಾವರದ ಗುಂಡಿಯಲ್ಲಿ ಹೊತ್ತಿದ ದೀಪದಿಂದ ತೆಂಗಿನ ಸೀಮೆಯಲ್ಲಿಯೂ ಒಂದು ದೀಪ ಹೊತ್ತಿದಂತಾಯಿತು.

ಕಡೆಗಾಲದಲ್ಲಿ ಫೂಟ್ ಅವರು ಸೇಲಂ ಬಳಿಯ ಯೇರ್ಕಾಡಿನ ಬೆಟ್ಟದಲ್ಲಿ ನೆಲೆಸಿದರು. ಅವರು ಜೀವಮಾನದಲ್ಲಿ ಗುರುತಿಸಿದ ಪ್ರಾಚೀನ ನೆಲೆಗಳು 450ಕ್ಕೂ ಹೆಚ್ಚು. ಆ ನೆಲೆಗಳಿಂದ ಸಂಗ್ರಹಿಸಿದ ಆಯುಧಗಳು, ಮಡಕೆಯ ಚೂರುಗಳು, ಮಣಿಗಳು ಅವರ ಬಳಿ ಇದ್ದವು. ಅಂದಿನ ದಿನಗಳಲ್ಲಿ ಭಾರತದ ಪುರಾತನ ವಸ್ತುಗಳು ಹಡಗೇರಿ ಪರದೇಶದ ಸಂಗ್ರಹಾಲಯಗಳನ್ನು ಸೇರುವುದು ವಾಡಿಕೆಯಾಗಿತ್ತು. ಆದರೆ ಅವರ ಸಂಗ್ರಹವು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಂದಿತು. ಈ ನೆಲದ ಸಾಕ್ಷಿಗಳು ಈ ನೆಲದಲ್ಲಿಯೇ ಉಳಿದವು. ಪ್ರತಿಯೊಂದು ವಸ್ತುವೂ ಯಾವ ಊರಿನದು, ಯಾವ ಬಗೆಯದು ಎಂಬುದನ್ನು ವಿವರಿಸುವ ಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಅವರ ಮುಪ್ಪು ಕಳೆಯಿತು. 1912ನೆಯ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ದಿವಂಗತರಾದರು. ಅವರು ಮುದ್ರಣರೂಪದಲ್ಲಿ ಕಾಣದೆಹೋದ ಆ ಗ್ರಂಥದ ಒಂದು ಭಾಗ 1914ರಲ್ಲಿಯೂ ಮತ್ತೊಂದು 1916ರಲ್ಲಿಯೂ ಪ್ರಕಟವಾದವು.

ಇಷ್ಟು ಅವರ ಚರಿತ್ರೆ. ಅದರ ತಾತ್ಪರ್ಯವನ್ನು ವಿಚಾರಿಸುವಾಗ ಒಂದು ಕಠಿಣವಾದ ಸತ್ಯವನ್ನು ಮರೆಮಾಚಬಾರದು. ಫೂಟ್ ಅವರನ್ನು ಸರ್ಕಾರಗಳು ಕಳುಹಿಸಿದುದು ಮುಖ್ಯವಾಗಿ ಖನಿಜದ ಅನ್ವೇಷಣೆಗೆ. ಯಾವ ಪಟ್ಟಿಗಳಿಗೆ ಅವರು ಹೆಸರಿಟ್ಟರೋ ಆ ಪಟ್ಟಿಗಳಲ್ಲಿಯೇ ಮುಂದೆ ಗಣಿಗಳೆದ್ದವು. ಚಿಕ್ಕನಾಯಕನಹಳ್ಳಿಯ ಗುಡ್ಡಗಳೂ ಮ್ಯಾಂಗನೀಸಿಗಾಗಿ, ಕಬ್ಬಿಣಕ್ಕಾಗಿ ಅಗೆಯಲ್ಪಟ್ಟವು. ಅಕ್ರಮ ಗಣಿಗಾರಿಕೆಯ ಹಾವಳಿ ಮಿತಿಮೀರಿದಾಗ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿಯ ಬೆನ್ನಿಗೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳನ್ನೂ ನಿಲ್ಲಿಸಬೇಕಾಯಿತು; 2013ರಲ್ಲಿ ಕೆಲವಕ್ಕೆ ನಿಬಂಧನೆಗಳೊಡನೆ ಅನುಮತಿ ದೊರೆತು, ಉಲ್ಲಂಘನೆ ಅತಿಯಾಗಿದ್ದವು ರದ್ದಾದವು. ಬಳ್ಳಾರಿಯ ಬೂದಿದಿಬ್ಬಗಳಲ್ಲಿ ಎಷ್ಟೋ ಗೊಬ್ಬರಕ್ಕೆಂದು ಗಾಡಿಯಲ್ಲಿ ಸಾಗಿಹೋದವು. ಕುಪ್ಪಗಲ್ಲಿನ ಶಿಲಾಚಿತ್ರಗಳ ಬೆಟ್ಟಕ್ಕೂ ಕಲ್ಲುಕುಟಿಗೆಯ ಕಂಟಕ ತಟ್ಟಿತು. ಲೋಹವಿಲ್ಲದೆ ನೇಗಿಲಿಲ್ಲ, ಸೇತುವೆಯಿಲ್ಲ. ಗಣಿಯೇ ಬೇಡವೆನ್ನುವುದು ವಿವೇಕವಲ್ಲ. ಆದರೆ ಒಂದು ಕಲ್ಲಿಗೆ ಪೇಟೆಯಲ್ಲಿ ಬೆಲೆಯಿದೆಯೆಂದೊಡನೆ ಅದಕ್ಕೆ ಬೇರೊಂದು ಮೌಲ್ಯವೇ ಇಲ್ಲವೆಂದು ತಿಳಿಯುವುದು ಅವಿವೇಕ. ತೆಂಗು ಕಡಿದರೆ ಮತ್ತೆ ನೆಡಬಹುದು. 260 ಕೋಟಿ ವರ್ಷದ ಬಂಡೆ ಪುಡಿಯಾದರೆ ಅದನ್ನು ಮತ್ತೆ ನಿರ್ಮಿಸುವ ಶಿಲ್ಪಿಯಿಲ್ಲ.

ಈ ಮೌಲ್ಯವನ್ನು ಗುರುತಿಸುವ ಯತ್ನಗಳೂ ನಡೆದಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಯಿತು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಆದಿಸಮುದ್ರದ ನೀರಿನಡಿ ಉಕ್ಕಿದ ಲಾವಾ ರಸವು ದಿಂಬುಗಳನ್ನು ಜೋಡಿಸಿಟ್ಟಂತೆ ಹೆಪ್ಪುಗಟ್ಟಿದೆ; ಅದಕ್ಕೂ ಅದೇ ಗೌರವ ಸಂದಿದೆ. ಈ ಮರಡಿಹಳ್ಳಿ ಇರುವುದು ಫೂಟ್ ಅವರು ಹೆಸರಿಸಿದ ಅದೇ ಪಂಕ್ತಿಯಲ್ಲಿ. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರ ಪದರವಾದ ರಚನೆಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯಂತಹ ಜೀವಿಗಳು ಆಳವಿಲ್ಲದ ಕಡಲಿನಲ್ಲಿ ಕಟ್ಟಿದ ಮನೆಗಳವು. ಮರಗಿಡಗಳಾಗಲಿ ಮೃಗಪಕ್ಷಿಗಳಾಗಲಿ ಇನ್ನೂ ಹುಟ್ಟದಿದ್ದ ಕಾಲದ ಜೀವದ ಹೆಜ್ಜೆಗುರುತು ಈ ಸೀಮೆಯ ನೆಲದಲ್ಲಿದೆಯೆಂಬುದು ಇಲ್ಲಿನ ಮಕ್ಕಳಿಗೆ ತಿಳಿದಿರಬೇಕಲ್ಲವೆ? ಇಂತಹ ತಾಣಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಒಂದು ಕರಡು ಮಸೂದೆಯನ್ನೂ ಪ್ರಕಟಿಸಿತು.

ಪಂಕ್ತಿಯ ಮತ್ತೊಂದು ತುದಿಯ ವೃತ್ತಾಂತವೂ ಸ್ಮರಣೀಯ. ಡಂಬಳದ ನೆರೆಯಲ್ಲಿ ಕಪ್ಪತಗುಡ್ಡವಿದೆ. ಅಲ್ಲಿನ ಖನಿಜದ ಮೇಲೆ ಕಣ್ಣು ಬಿದ್ದಾಗ ಗದಗ-ಡಂಬಳದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳವರು ಜನರನ್ನು ಒಗ್ಗೂಡಿಸಿ ಗುಡ್ಡದ ಪರವಾಗಿ ನಿಂತರು. ಅವರು 2018ರಲ್ಲಿ ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಕಪ್ಪತಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಡಂಬಳದ ಗುಡ್ಡಕ್ಕೆ ದೊರೆತ ಆ ಭಾಗ್ಯವು ಅದರ ಒಡಹುಟ್ಟಾದ ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೆ ಬೇಡವೆನ್ನುವ ಕಾರಣವಿಲ್ಲ.

ಇದಕ್ಕೆ ಆರಂಭ ಶಾಲೆಯಿಂದ ಆಗಬೇಕು. ಫೂಟ್ ಅವರ ಬಾಳಿನಿಂದ ಕಲಿಯಬೇಕಾದ ಪಾಠ ಸರಳವಾದುದು. ಸ್ಥಳದಿಂದ ಕಿತ್ತು ತಂದು ಊರಿನ ಹೆಸರಿಲ್ಲದೆ ಗಾಜಿನ ಬೀರುವಿನಲ್ಲಿಟ್ಟ ಕಲ್ಲು ಮೂಕವಾಗುತ್ತದೆ. ಎಲ್ಲಿ, ಯಾವ ಸ್ತರದಲ್ಲಿ, ಯಾವುದರ ಜೊತೆಯಲ್ಲಿ ಇತ್ತೆಂದು ಬರೆದಿಟ್ಟ ಕಲ್ಲು ನೂರೈವತ್ತು ವರ್ಷಗಳ ಮೇಲೂ ಮಾತನಾಡುತ್ತದೆ. ಬಾವಿ ತೋಡುವಾಗ, ಕೆರೆಯ ಹೂಳೆತ್ತುವಾಗ, ರಸ್ತೆಗೆ ಗುಡ್ಡ ಕಡಿಯುವಾಗ ಕಾಣುವ ಶಿಲಾಸ್ತರಗಳನ್ನು ಅಧ್ಯಾಪಕರು ಮಕ್ಕಳಿಗೆ ಅಲ್ಲಿಯೇ ತೋರಿಸಬಹುದು. ವಿಶೇಷವಾದುದು ಕಂಡರೆ ಕದಲಿಸದೆ, ಊರು, ದಿಕ್ಕು, ಆಳಗಳನ್ನು ಬರೆದಿಟ್ಟು ಬಲ್ಲವರಿಗೆ ತಿಳಿಸಬಹುದು. ಇದಕ್ಕೆ ಹಣ ಬೇಡ; ನಡೆಯುವ ಕಾಲು, ನೋಡುವ ಕಣ್ಣು, ಸುಳ್ಳು ಬರೆಯದ ಕೈ ಸಾಕು. ಈ ಮೂರೂ ಫೂಟ್ ಅವರಿಗಿದ್ದವು. ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬರು ಈ ಗುಡ್ಡಗಳಿಗೆ ಇಲ್ಲಿನ ಊರಿನ ಹೆಸರನ್ನೇ ಇಟ್ಟು ಗೌರವಿಸಿದರು. ಆ ಹೆಸರು ಗ್ರಂಥದಲ್ಲಿ ಮಾತ್ರ ಉಳಿದು ಗುಡ್ಡವೇ ಇಲ್ಲವಾಗದಂತೆ ನೋಡಿಕೊಳ್ಳುವುದು ಈ ಊರುಗಳಲ್ಲಿ ಹುಟ್ಟಿ ಬೆಳೆದವರ ಹೊಣೆ.